ಬೀರುವಿನ ಕೀಲಿಕೈ

ಮ್ಯಾನೇಜರ್ ಹಾಲ್ವರ್ಸನ್ ಅವರಿಗೆ,

ಕಾರ್ಮಿಕ ಸಂಘಕ್ಕೆ ಯಾವ ಗುಮಾಸ್ತರು ಸೇರಬಹುದೆಂದು ತೀರ್ಮಾನಿಸುವ ವಿಚಾರಣೆಯಲ್ಲಿ ನಿನ್ನೆ ನಿಮ್ಮ ವಕೀಲರು ನನ್ನತ್ತ ಬೆರಳು ತೋರಿಸಿ, "ಈಕೆಗೆ ಆಡಳಿತದ ಗುಟ್ಟೆಲ್ಲ ಗೊತ್ತು. ಸಂಘಕ್ಕೆ ಸೇರಿಸೋ ಹಾಗಿಲ್ಲ" ಎಂದರು. ನಿಮ್ಮ ಬೀರುವಿನ ಕೀಲಿಕೈ ನನ್ನ ಬಳಿ ಇರುವುದೇ ಅದಕ್ಕೆ ಸಾಕ್ಷಿಯಂತೆ. ಆ ಬೀರುವಿನಲ್ಲಿ ಇರುವುದು ಕಾಫಿಪುಡಿ ಮತ್ತು ನಿಮ್ಮ ಮೀನಿನ ಗಾಳ.

ಇವತ್ತು ಲಾರಿಗಳ ತೂಕ ಬರೆದುಕೊಳ್ಳಲು ಹೋದರೆ ಡ್ರೈವರ್ ಅರ್ವಿಡ್, "ಏನಮ್ಮಾ ವರ್ನಾ, ಸಾಹೇಬ್ರ ಗುಟ್ಟೆಲ್ಲ ನಿನ್ ಹತ್ರಾನೇ ಇದ್ಯಂತೆ? ನಮಗೂ ಒಂದು ಹೇಳಮ್ಮಾ!" ಎಂದು ಎಲ್ಲರೆದುರು ಆಡಿಕೊಂಡ. ಹದಿನೇಳು ವರ್ಷದಿಂದ ಅವರ ಸಾಲಿನಲ್ಲೇ ನಿಂತು ಹಾಜರಿ ಕಾರ್ಡ್ ಪಂಚ್ ಮಾಡಿದವಳು ನಾನು.

ಫೆಬ್ರವರಿಯಲ್ಲಿ ಹನ್ನೊಂದು ಜನರನ್ನು ಕೆಲಸದಿಂದ ತೆಗೆದಿರಲ್ಲ, ಆ ಪಟ್ಟಿಯನ್ನು ನನ್ನ ಕೈಯಲ್ಲಿ ಟೈಪ್ ಮಾಡಿಸಲಿಲ್ಲ. ಪೇಟೆಯಲ್ಲಿ ಮಾಡಿಸಿದಿರಿ. ನನ್ನ ತಂಗಿ ಸಿಗ್ನೆಯ ಹೆಸರನ್ನು ನಾನು ಓದಿದ್ದು ಗೇಟಿನ ನೋಟಿಸ್ ಬೋರ್ಡಿನಲ್ಲಿ, ಅವಳ ಪಕ್ಕದಲ್ಲೇ ನಿಂತು.

ನಾಳೆ ವಿಚಾರಣೆಯಲ್ಲಿ ನನ್ನಿಂದಲೂ ಪ್ರಮಾಣ ಮಾಡಿಸಿ ಕೇಳುತ್ತಾರೆ. ಇದನ್ನೇ ಹೇಳುತ್ತೇನೆ.

ಕೀಲಿಕೈ ಇದೇ ಲಕೋಟೆಯಲ್ಲಿದೆ. ಇನ್ನು ಮುಂದೆ ಕಾಫಿ ನೀವೇ ಮಾಡಿಕೊಳ್ಳಿ.

ಇಂತಿ,
ವರ್ನಾ ಲಿಂಡ್‌ಕ್ವಿಸ್ಟ್
ಗುಮಾಸ್ತೆ, ಕಾಗದ ಕಾರ್ಖಾನೆ