ಗೋಡೆಗೆ ಮುಖ ಮಾಡಿದ ನೀರು

ಜೂನ್ 3, ಸೋಮವಾರ

ಕೆಂಪುಮಣ್ಣು ಅರೆದು ಅರೆದು ಅಂಗೈ ಉರಿ. ಅಂಟು ಜಾಸ್ತಿಯಾಯಿತು, ಬಣ್ಣ ಹೊಳೆಯುತ್ತಿದೆ. ನಮ್ಮ ಗುಡ್ಡ ಹಾಗೆ ಹೊಳೆಯುವುದಿಲ್ಲ. ಚೆಲ್ಲಿ ಮತ್ತೆ ಅರೆದೆ.

ಕ್ಯಾನ್ವಾಸಿನ ನಡುವೆ ಮಡುವಿಗೆ ಜಾಗ ಬಿಟ್ಟಿದ್ದೇನೆ. ಅದನ್ನು ಬರೆಯಲು ಚಿಕ್ಕತ್ತೆ ▇▇▇▇ ಅಪ್ಪಣೆ ಬೇಕು. ಆ ನೀರು ಅವಳದು, ಹುಟ್ಟಿದ್ದೇ ಅದರ ದಂಡೆಯಲ್ಲಿ. ಟೀ ತೆಗೆದುಕೊಂಡು ಹೋಗಿ ಕೇಳಿದೆ. ಲೋಟ ಖಾಲಿ ಮಾಡಿ ಕೆಳಗಿಟ್ಟಳು. ಆಮೇಲೆ, "ಇದ್ದಿಲು ಹಾಕು. ಕರೀದು. ನೀಲಿ ಗೀಲಿ ಬಳಿದ್ರೆ ಕೈ ಮುರೀತೀನಿ" ಅಂದಳು.

ಡ್ರಿಸ್ಕಾಮ್‌ಗಳ ದನದ ಎಸ್ಟೇಟಿಗೆ, ಅಂದರೆ ಆ ಬಿಳಿಯರು ನಮ್ಮ ನೆಲಕ್ಕೆ ಬೇಲಿ ಹಾಕಿ, ನೂರಮೂವತ್ತು ವರ್ಷವಂತೆ. ಸಮಾರಂಭಕ್ಕೆ ನಮ್ಮವರ ಚಿತ್ರ ಬೇಕಂತೆ, ಅವರ ಹಜಾರದಲ್ಲಿ ತೂಗುಹಾಕಲು. ಆ ಹಜಾರದ ನೆಲ ಇಪ್ಪತ್ತು ವರ್ಷ ಉಜ್ಜಿದ್ದು ನನ್ನ ಇಬ್ಬರು ಅತ್ತೆಯರು. ಸಂಬಳಕ್ಕಲ್ಲ, ಹಿಟ್ಟು, ಸಕ್ಕರೆ, ಟೀಸೊಪ್ಪಿಗೆ. ತೂಗುಹಾಕಲಿ. ಅದಕ್ಕೇ ಒಪ್ಪಿದ್ದು. ಉಣ್ಣುವಾಗ ತಲೆಯೆತ್ತಿದರೆ ಕಾಣಬೇಕು, ಯಾರನ್ನು ಓಡಿಸಿ ಅಲ್ಲಿ ಕೂತಿದ್ದಾರೆ ಅಂತ.

ಜೂನ್ 6, ಗುರುವಾರ. ಸಂಜೆ

ಮಡು ಮುಗಿಯಿತು. ಚಿಕ್ಕತ್ತೆ ಪಕ್ಕದಲ್ಲೇ ಕಾಲು ಚಾಚಿ ಕೂತು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಎಡಕ್ಕೆ ಹನ್ನೊಂದು ಬಿಳಿ ಉಂಗುರ — ಬಿಳಿಯರು ಕುತ್ತಿಗೆಗೆ ಸರಪಳಿ ಬಿಗಿದು ನಡೆಸಿಕೊಂಡು ಹೋದ ನಮ್ಮವರು. ಆರನೆಯವನು ಅವಳ ಅಜ್ಜ.

ಬಲಕ್ಕೆ ಲಾರಿಯ ಜಾಡು. ಆ ಲಾರಿಯಲ್ಲಿ ಅವಳೇ ಇದ್ದಳು, ನನ್ನಪ್ಪನೂ. ನಮ್ಮವರಿಗೂ ಸಮ ಸಂಬಳ ಕೊಡಬೇಕು ಅಂತ ಕಾನೂನು ಬಂತು. ಕೊಡಲೊಲ್ಲದ ಎಸ್ಟೇಟಿನವರು ಎಲ್ಲರನ್ನೂ ತುಂಬಿಕೊಂಡು ಹೋಗಿ ಪೇಟೆಯಾಚೆಯ ಕಸದ ಗುಂಡಿಯ ಪಕ್ಕ ಇಳಿಸಿದರು. ನಾಯಿಗಳನ್ನು ಹತ್ತಿಸಿಕೊಳ್ಳಲಿಲ್ಲವಂತೆ. ಬಹಳ ದೂರ ಹಿಂದೆ ಓಡಿ ಬಂದವಂತೆ. "ನಾಯಿಗಳ್ನೂ ಬರಿ" ಅಂದಳು. ಬರೆದೆ. ಏಳು ಚುಕ್ಕೆ.

ಜೂನ್ 14, ಶುಕ್ರವಾರ

ಗ್ರಾಂಟ್ ಡ್ರಿಸ್ಕಾಮ್ ಬಂದಿದ್ದ, ಈಗಿನ ಯಜಮಾನ. ಜೊತೆಗೆ ಜೋಸಿ — ನಮ್ಮ ಚಿತ್ರಶಾಲೆ ನೋಡಿಕೊಳ್ಳಲು ಪರ್ತ್‌ನಿಂದ ಬಂದವಳು. ಬಣ್ಣ ಚೆನ್ನಾಗಿದೆ ಅಂದ. ಉಂಗುರಗಳು ಏನು ಅಂದ. ಹೇಳಿದೆ. ಇಂಗು ತಿಂದ ಮಂಗನಂತಾದ.

ಸಮಾರಂಭ... ಮಕ್ಕಳೂ ಬರುತ್ತಾರೆ... ಉಂಗುರ, ಜಾಡು ಮುಚ್ಚಿ ನಾಲ್ಕು ದನ ಬರೆದರೆ ಹೇಗೆ ಅಂತ ಕೇಳಿದ. ಜೋಸಿ ನೆಲ ನೋಡುತ್ತಿದ್ದಳು.

"ನಮ್ಮ ನೆಲಾನೆಲ್ಲ ಮೇದಿದ್ದು ಅವೇ ಅಲ್ವಾ," ಅಂದೆ. "ಇದನ್ನೂ ಮೇಯ್ಬೇಕಾ?"

ಚಿಕ್ಕತ್ತೆ ಅವನನ್ನು ಕೇಳಿದ್ದು ಒಂದೇ. ಗೇಟಿನ ಬೀಗ ತೆಗೆಸು, ಒಂದು ಸಲ ಮಡು ನೋಡಿ ಬರುತ್ತೇನೆ ಅಂತ. ಎರಡು ವಾರ ಮೊದಲೇ ಫೋನ್ ಮಾಡಿ ತಿಳಿಸಬೇಕಂತೆ. ತಾನು ಹುಟ್ಟಿದ ನೀರಿಗೆ. ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ತಲೆಯಾಡಿಸಿ, ಫೋನ್ ಮಾಡು ಅಂತ ನನಗೇ ಹೇಳಿದಳು. ಮಾಡಿದೆ. ದನ ಒಟ್ಟುಮಾಡುವ ಕಾಲ, ಈಗಾಗುವುದಿಲ್ಲ ಅಂದರು.

ಹೀಗೇ ಇದ್ದರೆ ಚಿತ್ರ ಬೇಡವಂತೆ. ಬೇಡದಿದ್ದರೆ ಬಿಡಲಿ. ಒಂದು ಚುಕ್ಕೆಯನ್ನೂ ಅಳಿಸುವುದಿಲ್ಲ.

ಜುಲೈ 9, ಮಂಗಳವಾರ

ಬರೆಯಲಾಗಲಿಲ್ಲ. ಮಡುವಿನ ಆಕೆ ತೀರಿಕೊಂಡಳು. ಇವತ್ತಿಗೆ ಹತ್ತೊಂಬತ್ತು ದಿನ.

ಸತ್ತವರ ಹೆಸರು ಹೇಳುವಂತಿಲ್ಲ, ಬರೆಯುವಂತಿಲ್ಲ, ಅದು ನಮ್ಮ ಕ್ರಮ. ಹಿಂದಿನ ಪುಟದಲ್ಲಿ ಹೆಸರಿದ್ದಲ್ಲಿ ಇದ್ದಿಲು ಬಳಿದೆ. ಮನೆಗೆ ಹೊಗೆ ಹಾಕಿದೆವು. ಬಟ್ಟೆ ಸುಟ್ಟೆವು, ಫೋಟೋ ಎತ್ತಿಟ್ಟೆವು. ಆಕೆಯ ನೀರಿನ ಚಿತ್ರವನ್ನೂ ಯಾರೂ ನೋಡಬಾರದು. ಗೋಡೆಗೆ ಮುಖ ಮಾಡಿ ಇಡು ಅಂತ ದೊಡ್ಡತ್ತೆ ಮೇಬಲ್ ಹೇಳಿದಳು — ಆಕೆಯ ಅಕ್ಕ, ಈಗ ಆ ನೀರಿಗೂ ಅವಳೇ ಹಿರಿಯಳು. ಅವಳು ತಿರುಗಿಸು ಅನ್ನುವವರೆಗೆ ಹಾಗೇ. ಒಂದು ವರ್ಷವೋ ಎರಡೋ. ನಾನೇ ತಿರುಗಿಸಿ ಇಟ್ಟೆ.

ಮಡು ನೋಡದೆಯೇ ಹೋದಳು. 

ಜುಲೈ 11, ಗುರುವಾರ

ಜೋಸಿ ಓಡಿ ಬಂದಳು. ಡ್ರಿಸ್ಕಾಮ್‌ಗಳು ಒಪ್ಪಿದ್ದಾರಂತೆ. ಉಂಗುರ, ಜಾಡು, ನಾಯಿ ಎಲ್ಲ ಇರಲಿ ಅಂತ. ಆಕೆ ತೀರಿಕೊಂಡದ್ದು ಪೇಪರಿನಲ್ಲಿ ಬಂದಿತ್ತಲ್ಲ, ಆಕೆಯ ನೆನಪಿಗೆ ಅಂತಲೇ ಹಾಕುತ್ತಾರಂತೆ. ಪಕ್ಕದಲ್ಲಿ ಫೋಟೋ, ಕೆಳಗೆ ಹಿತ್ತಾಳೆ ಫಲಕದಲ್ಲಿ ಹೆಸರು.

"ನಿಂಗೆ ಬೇಕಾಗಿದ್ದು ಇದೇ ತಾನೇ?" ಅಂದಳು. ಕಣ್ಣಲ್ಲಿ ನೀರು ಬೇರೆ.

ಇದೇ. ಅದಕ್ಕೇ ಸಿಟ್ಟು ನೆತ್ತಿಗೇರಿದ್ದು. ಬದುಕಿದ್ದಾಗ ಬೀಗ, ಸತ್ತ ಮೇಲೆ ಹಿತ್ತಾಳೆ. ಈಗ ಬೇಡ ಅನ್ನಬೇಕಾದವಳು ನಾನು. ಆಮೇಲೆ ಅವರು ಮತ್ತೆ ಕೇಳುವುದಿಲ್ಲ. ಅಂಟಿನ ಬಕೆಟ್ಟಿಗೆ ಒದ್ದೆ.

ದೊಡ್ಡತ್ತೆ ಬೂದಿಯಲ್ಲಿ ಕಾಂಗರೂ ಬಾಲ ಸುಡುತ್ತಿದ್ದಳು. ಎದುರು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ನಮ್ಮ ಕ್ರಮವೂ ಅವರ ಕಡೆಗೇ ನಿಂತಿದೆ ಅಂತಲೂ ಅಂದೆ. ಅನ್ನಬಾರದಿತ್ತು. ಅವಳು ಬಾಲದ ಮಗ್ಗುಲು ಬದಲಿಸಿದಳು, ಕೈ ಒರೆಸಿಕೊಂಡಳು.

"ಗೋಡೆಗೆ ಮುಖ ಮಾಡಿ ಇಡು ಅಂದಿದ್ದೆ ಕಣೇ. ಯಾವ ಗೋಡೆ ಅಂತ ಹೇಳಿದ್ನಾ?"

ಜುಲೈ 20, ಶನಿವಾರ

ಫೋಟೋ ಬೇಡ, ಹೆಸರು ಬೇಡ, ನಾವೇ ಬಂದು ತೂಗುಹಾಕುತ್ತೇವೆ ಅಂತ ಹೇಳಿಕಳಿಸಿದ್ದೆ. ಒಪ್ಪಿದರು. ಬೆಳಿಗ್ಗೆ ನಾನೂ ಜೋಸಿಯೂ ಹೋದೆವು. ಚಿತ್ರದ ಯಾವ ಕಡೆ ಗೋಡೆಗೆ ಅಂತ ತೋರಿಸಿದಾಗ ಜೋಸಿ ಸುತ್ತಿಗೆ ತೆಗೆದುಕೊಂಡು ಮೊಳೆ ಹೊಡೆದಳು. ಆಮೇಲೆ ಪರದೆ ಅವಳೇ ಕಟ್ಟಿದಳು.

ಮಧ್ಯಾಹ್ನ ದೊಡ್ಡತ್ತೆಯೂ ಬಂದಳು. ಭಾಷಣ. ಗ್ರಾಂಟ್ ಪರದೆ ಎಳೆದ. ಬೋಳು ಬಟ್ಟೆ, ಮರದ ಚೌಕಟ್ಟು, ತುಕ್ಕು ಹಿಡಿದ ಮೊಳೆ. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಹಿಂದೆ ಯಾರೋ ನಕ್ಕರು. ಉಲ್ಟಾ ಹಾಕಿದ್ದಾರೆ ಅಂತ ಗ್ರಾಂಟ್ ತಿರುಗಿಸಲು ಹೋದ. ದೊಡ್ಡತ್ತೆ ಕೋಲು ಅಡ್ಡ ಹಿಡಿದಳು.

"ಮುಟ್ಬೇಡ. ಆ ನೀರಿನ ಯಜಮಾನಿ ಸತ್ತಿದಾಳೆ. ಇದು ಸೂತಕದ ಮನೆ ಈಗ. ನಿಂದೂನೂ."

ಎಲ್ಲಿಯವರೆಗೆ ಅಂತ ಕೇಳಿದ. ಬೇಕಾದರೆ ಮನೆಗೆ ಬಂದು ಕೇಳು ಅಂದಳು.  ನೆಲ ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ನಡೆದುಕೊಂಡು ಬಂದುಬಿಟ್ಟೆವು, ಊಟ ಮಾಡಲಿಲ್ಲ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಆಕೆ ಇರಬೇಕಿತ್ತು.

ಜುಲೈ 23, ಮಂಗಳವಾರ. ಬೆಳಿಗ್ಗೆ ಹತ್ತು

ಗ್ರಾಂಟ್ ಬಂದಿದ್ದಾನೆ. ಒಬ್ಬನೇ. ಬಂದವರೆಲ್ಲ ಅದನ್ನೇ ಕೇಳುತ್ತಾರಂತೆ, ಅದರಾಚೆ ಏನಿದೆ ಅಂತ. ಸತ್ತವರ ವಿಷಯ ಅಂತ ಕೆಳಗಿಳಿಸಲು ಅವನ ತಾಯಿ ಬಿಡುತ್ತಿಲ್ಲವಂತೆ. ಏನು ಮಾಡಿದರೆ ತಿರುಗಿಸುತ್ತೀರಿ ಅಂದ.

ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ದೊಡ್ಡತ್ತೆ ನೆರಳಲ್ಲಿ, ಅವನು ಬಿಸಿಲಲ್ಲಿ. ಕೂರು ಅನ್ನಲಿಲ್ಲ, ಟೀ ಕೊಡಲಿಲ್ಲ. ಕೇಳಿದ್ದು ಒಂದೇ ಮಾತು.

"ಅದು ಯಾರ ನೀರು?"

ಕಾಲು ಗಂಟೆಯಾಯಿತು. ನಿಂತೇ ಇದ್ದಾನೆ. ಕಾರಿನ ಕಡೆ ನೋಡಿದ. ಹೋಗಲಿಲ್ಲ. ಈಗ ಬಾಯಿ ತೆರೆದ. ದನಿ ಸಣ್ಣದು, ಇಲ್ಲಿಗೆ ಕೇಳಿಸುತ್ತಿಲ್ಲ, ಬಾಗಿಲಿಗೆ ಹೋಗಿ ಕೇಳಬೇಕು.