ಮಾತಿಲ್ಲದ ಇಪ್ಪತ್ತಮೂರು ದಿನ

ಮಾರ್ಚ್ ೧೪, ಗುರುವಾರ

ಗುಬ್ಬಿ,

ನಾಲ್ಕು ವರ್ಷದ ಮೇಲೆ ನಿನ್ನನ್ನು ಹೀಗೆ ಕರೆಯುವ ಸಲಿಗೆ ನನಗಿನ್ನೂ ಉಳಿದಿದೆಯೋ ಇಲ್ಲವೋ, ಗೊತ್ತಿಲ್ಲ. ಅಕ್ಷರ ಸೊಟ್ಟಗಿವೆ. ಬಲಗೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ.

ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ ಎಂದಷ್ಟೇ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಡೆದದ್ದು ಅಷ್ಟೇ ಅಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದೆ. ಮನಸ್ಸು ಎಂದರೇನು ಎಂಬ ಅದೇ ಹಳೆಯ ಪಾಠ. ಮನಸ್ಸು ಮಿದುಳಿನ ಕೆಲಸ ಎನ್ನುವವರು, ನಡವಳಿಕೆಯೇ ಮನಸ್ಸು ಎನ್ನುವವರು, ಅದು ಒಳಗಿನಿಂದಷ್ಟೇ ತಿಳಿಯುವಂಥದ್ದು ಎನ್ನುವವರು, ಎಲ್ಲರನ್ನೂ ಬೋರ್ಡಿನ ಮೇಲೆ ಸಾಲಾಗಿ ನಿಲ್ಲಿಸಿ ಕೊನೆಗೆ ನನ್ನ ವಾದಕ್ಕೆ ಬಂದಿದ್ದೆ: ಭಾಷೆಯಿಲ್ಲದೆ ಯೋಚನೆಯಿಲ್ಲ. ಆ ವಾಕ್ಯ ಮುಗಿಯಲಿಲ್ಲ. ಬಾಯಿಂದ ಏನೋ ಹೊರಟಿತು, ಅದು ಮಾತಾಗಿರಲಿಲ್ಲ. ಮುಂದಿನ ಬೆಂಚಿನವರು ಮೊದಲು ನಕ್ಕರು, ಆಮೇಲೆ ಎದ್ದು ಓಡಿಬಂದರು.

ಪಾರ್ಶ್ವವಾಯು. ಇಪ್ಪತ್ತಮೂರು ದಿನ ಒಂದು ಪದವಿಲ್ಲ. ಮೊದಲ ದಿನಗಳಲ್ಲಿ ನಾಲಿಗೆಯ ಮೇಲಷ್ಟೇ ಅಲ್ಲ, ತಲೆಯೊಳಗೂ ಇಲ್ಲ. ಲೋಟ ಕಾಣುತ್ತಿತ್ತು, ಅದರ ಹೆಸರಿರಲಿಲ್ಲ. ಡಾಕ್ಟರ ಮಾತು ಪಕ್ಕದ ಮನೆಯ ರೇಡಿಯೋ ಸದ್ದಿನಂತೆ ಕೇಳುತ್ತಿತ್ತು.

ಆದರೆ ನಾನಿದ್ದೆ, ಗುಬ್ಬಿ. ನಿನ್ನಮ್ಮ ಬೆನ್ನು ನೋವಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಕಿಟಕಿ ಪಕ್ಕದ ರೋಗಿಯ ಹೆಂಡತಿ ಹೊರಟರೆ ಅಲ್ಲಿಯ ಒರಗು ಕುರ್ಚಿ ಖಾಲಿಯಾಗುತ್ತದೆ, ಬೇರೆಯವರು ಹಿಡಿಯುವ ಮೊದಲು ಇವಳು ಹೋಗಬೇಕು. ಇಷ್ಟನ್ನೂ ಒಂದೇ ಒಂದು ಪದವಿಲ್ಲದೆ ಯೋಚಿಸಿದೆ. ಎಡಗೈಯಲ್ಲಿ ಕುರ್ಚಿ ತೋರಿಸಿದೆ. ಅವಳು ಬೆಡ್‌ಪ್ಯಾನ್ ತಂದಳು.

ಹತ್ತನೇ ದಿನದ ಹೊತ್ತಿಗೆ ಬೇರೆಯವರ ಮಾತು ಅರ್ಥವಾಗತೊಡಗಿತು, ಬಾಯಿ ಮಾತ್ರ ಬೀಗ ಹಾಕಿಕೊಂಡೇ ಇತ್ತು. ನಮ್ಮ ವಿಭಾಗದ ಮುಖ್ಯಸ್ಥರು ನೋಡಲು ಬಂದವರು, ನನ್ನ ಕಾಲ ಬಳಿ ನಿಂತು ನಿನ್ನಮ್ಮನಿಗೆ ಹೇಳಿದರು: "ಅವರಿಗೆ ಏನೂ ಗೊತ್ತಾಗ್ತಾ ಇಲ್ಲ ಬಿಡಿ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು." ಕೂಗಬೇಕೆನಿಸಿತು. ಕಣ್ಣೀರು ಬಂತು. ಅದನ್ನೂ ಅವರು ಕಾಯಿಲೆಯ ಲಕ್ಷಣ ಎಂದುಕೊಂಡರು.

ಆಗ ನೆನಪಾದದ್ದು ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದ ಆ ಊಟ. ನನ್ನ ಸಹೋದ್ಯೋಗಿಗಳೆಲ್ಲ ಇದ್ದರು. ಐದು ವರ್ಷವಾದರೂ ಒಂದು ಮಾತಾಡದ ಮರಿ ನಿನ್ನ ಪಕ್ಕದಲ್ಲಿ ಕೂತಿದ್ದಳು. "ನನ್ನ ಮಗಳಿಗೆ ಎಲ್ಲಾ ಅರ್ಥ ಆಗುತ್ತೆ" ಅಂದೆ ನೀನು. "ಭಾಷೆಯೇ ಇಲ್ಲದ ಕಡೆ ಅರ್ಥ ಮಾಡ್ಕೊಳ್ಳೋರು ಯಾರಮ್ಮ? ಅದು ತಾಯಿಯ ಆಸೆ ಅಷ್ಟೆ" ಅಂದೆ ನಾನು, ನಗುತ್ತಾ. ಒಂದು ಅಲ್ಪವಿರಾಮಕ್ಕೂ ನನ್ನ ಜೊತೆ ಜಗಳಕ್ಕಿಳಿಯುತ್ತಿದ್ದ ನೀನು ಅವತ್ತು ವಾದ ಮಾಡಲಿಲ್ಲ. ಮಗುವಿಗೆ ಶೂ ಹಾಕಿ ಹೊರಟುಹೋದೆ.

ಇಪ್ಪತ್ತನಾಲ್ಕನೇ ದಿನ ಮಾತು ಕಲಿಸುವ ಹುಡುಗಿ ಬೀಗದ ಕೈಯ ಚಿತ್ರ ಹಿಡಿದು, "ಇದೇನು ಸರ್?" ಎಂದಳು. ನನ್ನ ಬಾಯಿಂದ ಬಂದ ಮೊದಲ ಪದ "ಮಗಳು". ಅವಳು ತಪ್ಪು ಎಂದು ಗುರುತು ಹಾಕಿಕೊಂಡಳು.

ನನ್ನ ಇಪ್ಪತ್ತಮೂರು ದಿನದಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲ. ನನ್ನದು ಇದ್ದು ಕಳೆದುಹೋದ ಭಾಷೆ. ಮರಿಯ ಒಳಗು ಹೇಗಿದೆಯೋ ನನಗೆ ತಿಳಿಯದು. ತಿಳಿಯದು ಎನ್ನುವುದಕ್ಕೂ ಅಲ್ಲಿ ಯಾರೂ ಇಲ್ಲ ಎನ್ನುವುದಕ್ಕೂ ಇರುವ ವ್ಯತ್ಯಾಸ ಹಾಸಿಗೆ ಹಿಡಿದ ಮೇಲೆ ಹೊಳೆಯಿತು. ಮೊನ್ನೆ ಸೋಮವಾರ ಮತ್ತೆ ಕ್ಲಾಸಿಗೆ ಹೋಗಿ, ತಡವರಿಸುತ್ತಲೇ, ನಾನು ಹೇಳಿಕೊಂಡು ಬಂದದ್ದು ತಪ್ಪು ಎಂದೆ. ಯಾರ ವಿಷಯದಲ್ಲಿ ತಪ್ಪಿದೆ ಎಂಬುದನ್ನೂ ಹೇಳಿದೆ. ಯಾರೂ ನೋಟ್ಸ್ ಬರೆದುಕೊಳ್ಳಲಿಲ್ಲ.

ನೀನು ಒಪ್ಪಿದರೆ ಒಂದು ಮಧ್ಯಾಹ್ನ ಬಂದು ಮರಿಯ ಕೋಣೆಯಲ್ಲಿ ಸುಮ್ಮನೆ ಕೂರುತ್ತೇನೆ. ಬೇಡ ಎಂದರೂ ನನ್ನ ತಕರಾರಿಲ್ಲ.

ನಿನ್ನ ಉತ್ತರಕ್ಕೆ ಕಾದಿರುವ,
ಅಪ್ಪ

ತಾ.ಕ.: ಇದನ್ನು ಬರೆಯದೆಯೇ ಕಾಗದ ಮಡಚಲು ಹೊರಟಿದ್ದೆ. ಅವತ್ತು ಊಟಕ್ಕೆ ಒಂದು ಗಂಟೆ ಮೊದಲು ಓದುವ ಕೋಣೆಯಲ್ಲಿ ಕನ್ನಡಕ ಸಿಗದೆ ಪೇಚಾಡುತ್ತಿದ್ದೆ. ಏನು ಹುಡುಕುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಮರಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಹೋಗಿ, ಬಚ್ಚಲುಮನೆಯ ಕಿಟಕಿಯಲ್ಲಿದ್ದ ಕನ್ನಡಕ ತಂದು, ಫ್ರಾಕಿನ ಅಂಚಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. ಊಟದ ಮೇಜಿನಲ್ಲಿ ಆ ಮಾತಾಡುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಅದೇ ವಾದದ ನನ್ನ ಪುಸ್ತಕ ಆಗಲೇ ಅಚ್ಚಿಗೆ ಹೋಗಿತ್ತು.