ಕರುವಿಗೆ ಕಟ್ಟಿದ ಸೊಳ್ಳೆಪರದೆ

ದಾಕ್ಷಾಯಣಿ,

ನಾನು ಭತ್ತದ ನಾಟಿಗೆ ಹೊರಟೆ. ನೀನು ಮಲಗಿರು, ರೊಟ್ಟಿ ಬುಟ್ಟಿಯಲ್ಲಿವೆ.

ಫ್ರಿಜ್ಜಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಒತ್ತಿಕೋ. ಆಮೇಲೆ ಬಟ್ಟಲಲ್ಲಿರುವ ಲೋಳಸರ ಹಚ್ಚಿಕೋ. ಕೆರೆದು ಗಾಯವಾದಲ್ಲಿ ಸುಣ್ಣ ಮುಟ್ಟಿಸಬೇಡ, ಉರಿಯುತ್ತದೆ.

ನಾನು ಮನೆಯ ಒಂದೇ ಪರದೆಯನ್ನು ಕರುವಿಗೆ ಕಟ್ಟಿ, ಕುಷ್ಟಗಿಯಿಂದ ಈ ಗದ್ದೆ ಸೀಮೆಗೆ ಬಂದ ಹೊಸ ಸೊಸೆಯಾದ ನಿನ್ನನ್ನು ಸೊಳ್ಳೆಗೆ ಬಿಟ್ಟೆ. ಸಾಲದ್ದಕ್ಕೆ ನಿನ್ನೆ ಪಕ್ಕದ ಮನೆಯ ಮುದುಕಮ್ಮನ ಮುಂದೆ, "ನಾಟಿಗೆ ಬರಾಕ ಒಲ್ಲದಾಕಿಗೆ ತುರಿಕಿ ಒಂದು ನೆವ ನೋಡವ್ವ" ಎಂದು ನಕ್ಕೆ. ನೀನು ಸೆರಗಿನೊಳಗೆ ಕೈ ಮುಚ್ಚಿಕೊಂಡೆ. ಬೆಳಿಗ್ಗೆ ನೀನು ನಿದ್ದೆಯಲ್ಲಿದ್ದಾಗ ಕೈಯ ಬಾವು ನೋಡಿದೆ. ನಿನ್ನನ್ನು ಎಬ್ಬಿಸಿ ಮಾತಾಡಲು ಮುಖವಿರಲಿಲ್ಲ.

ಪರದೆ ಒಗೆದು ಹಾಕಿದ್ದೇನೆ, ಒಣಗಿದ ಮೇಲೆ ನಿನ್ನ ಮಂಚಕ್ಕೆ ಕಟ್ಟಿಕೋ.

ತವರಿಗೆ ಹೋಗಬೇಕೆನಿಸಿದರೆ ಹೋಗು. ನಿಮ್ಮವ್ವ ಕೇಳಿದರೆ ನನ್ನ ಮಾನ ಕಾಯಬೇಡ, ಇದ್ದದ್ದನ್ನು ಇದ್ದಂತೆ ಹೇಳು.

ಅತ್ತೆ